ಗೋಡೆ ಮುಚ್ಚುವ ಮುನ್ನ ಒಮ್ಮೆ ನೋಡಿ

ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜನ ಮನೆಯ ಗೋಡೆಗಳು ಮಣ್ಣಿನವು. ಒಂದು ಮೊಳದಷ್ಟು ದಪ್ಪ. ಮುಷ್ಟಿ ಕಟ್ಟಿ ಗುದ್ದಿದರೆ ನೋವಾಗುವುದು ಕೈಗೇ ಹೊರತು ಗೋಡೆಗೆ ಏನೂ ಆಗುವುದಿಲ್ಲ. ಅಂಥ ಮನೆಯಲ್ಲಿ ಬೆಳೆದವನಿಗೆ ಗೋಡೆ ಎಂದರೆ ಗಟ್ಟಿಯಾಗಿರಬೇಕು ಎಂಬುದು ತಲೆಯಲ್ಲಿ ಕೂತುಬಿಟ್ಟಿರುತ್ತದೆ. ಇಲ್ಲಿ ಇಂಗ್ಲೆಂಡಿನಲ್ಲಿ ನಮ್ಮ ಮನೆಯ ಹಿಂಬದಿಗೆ ಒಂದು ಕೋಣೆ ಸೇರಿಸಲು ಹೊರಟಾಗ ಬಿಲ್ಡರ್ "ಟಿಂಬರ್ ಫ್ರೇಮಿನಲ್ಲಿ ಮಾಡೋಣ, ಬೇಗ ಮುಗಿಯುತ್ತದೆ" ಎಂದರು. ನನಗೆ ಸಮಾಧಾನವಾಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮಗಳು ನನ್ನ ಮನಸ್ಸಿನಲ್ಲಿದ್ದುದನ್ನೇ ಕೇಳಿಬಿಟ್ಟಳು: "ಅಪ್ಪಾ, ಇಲ್ಲಿ ಯಾವಾಗ್ಲೂ ಮಳೆ. ಮರದ ಗೋಡೆ ಕೊಳೆತು ಹೋಗಲ್ವಾ?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾವಿಬ್ಬರೂ ಕಲಿತದ್ದೇ ಈ ಲೇಖನ. ನಮ್ಮ ಶಾಲೆಯ ಪೋಷಕರಲ್ಲಿ ಅನೇಕರು ಈಗ ಮನೆಗೆ ಎಕ್ಸ್‌ಟೆನ್ಶನ್ ಮಾಡಿಸುತ್ತಿದ್ದೀರಿ, ಇಲ್ಲವೇ ಮಾಡಿಸುವ ಯೋಚನೆಯಲ್ಲಿದ್ದೀರಿ. ನಿಮಗೆ ಇದು ಉಪಯೋಗಕ್ಕೆ ಬರಬಹುದು. ಮಕ್ಕಳಿಗೆ ಕೊನೆಯಲ್ಲಿ ಎರಡು ಪ್ರಯೋಗಗಳೂ ಇವೆ.

ನಮಗೆ ಆ ಕೋಣೆ ಬೇಕಾಗಿದ್ದದ್ದು ನನ್ನ ಅಮ್ಮನಿಗಾಗಿ. ಊರಿನಿಂದ ಬಂದಾಗಲೆಲ್ಲ ಅವರಿಗೆ ಮೆಟ್ಟಿಲು ಹತ್ತುವುದು ಕಷ್ಟ. ಕೆಳಗಡೆ, ಅಡುಗೆಮನೆಯ ಪಕ್ಕ, ಬೆಚ್ಚಗಿನ ಒಂದು ಕೋಣೆ ಇರಲಿ ಎಂಬುದು ನಮ್ಮ ಆಸೆ. ಆ ಜಾಗದಲ್ಲಿ ಹಿಂದಿನ ಮಾಲೀಕರು ಯಾವಾಗಲೋ ಕಟ್ಟಿಸಿದ್ದ ಸಣ್ಣದೊಂದು ಮರದ ಗೋಡೆಯ ಕೋಣೆ ಇತ್ತು. ಮೂಲೆಯಲ್ಲಿ ಸ್ವಲ್ಪ ಕಪ್ಪು ಕಲೆ, ಒಂದು ಬಗೆಯ ಮುಗ್ಗಲು ವಾಸನೆ. ಇದನ್ನು ಬಿಟ್ಟರೆ ನೋಡಲು ಚೆನ್ನಾಗಿಯೇ ಇತ್ತು. ಕೆಡವುವ ದಿನ ಒಳಗಿನ ಬೋರ್ಡನ್ನು ಕಿತ್ತಾಗ ಎಲ್ಲರೂ ಒಂದು ಕ್ಷಣ ಸುಮ್ಮನಾದೆವು. ಒಳಗಿದ್ದ ಇನ್ಸುಲೇಷನ್ ಒದ್ದೆಯಾಗಿ ಕುಸಿದು ತಳದಲ್ಲಿ ಬಿದ್ದಿತ್ತು. ಹೊರಬದಿಯ ಪ್ಲೈವುಡ್ಡಿನ ಒಳಮೈ ಮಸಿ ಬಳಿದಂತೆ ಕಪ್ಪಾಗಿತ್ತು. ಕೆಳಗಿನ ಮರವನ್ನು ಬೆರಳಿನಿಂದ ಒತ್ತಿದರೆ ಹಳೆಯ ರಸ್ಕಿನಂತೆ ಪುಡಿಯಾಯಿತು.

ವಿಚಿತ್ರವೆಂದರೆ, ಮಳೆ ಹೊಡೆಯುವ ಹೊರಮೈ ಸರಿಯಾಗಿಯೇ ಇತ್ತು. ಸೂರೂ ಸೋರಿರಲಿಲ್ಲ. ಹಾಗಾದರೆ ನೀರು ಬಂದದ್ದು ಎಲ್ಲಿಂದ? ಮನೆಯ ಒಳಗಿನಿಂದ! ನಮ್ಮ ಕುಕ್ಕರಿನಿಂದ, ಸ್ನಾನದಿಂದ, ರೇಡಿಯೇಟರ್ ಮೇಲೆ ಒಣಹಾಕಿದ ಬಟ್ಟೆಯಿಂದ, ನಮ್ಮ ಉಸಿರಿನಿಂದ.

ಗೋಡೆಯೊಳಗೆ ಏನಿರುತ್ತದೆ?

ಹೊಸ ಗೋಡೆಯನ್ನು ಹೊರಗಿನಿಂದ ಒಳಕ್ಕೆ ಒಂದೊಂದೇ ಪದರವಾಗಿ ನೋಡೋಣ. ಈರುಳ್ಳಿ ಸುಲಿದಂತೆ ಎಂದುಕೊಳ್ಳಿ, ಆದರೆ ಕಣ್ಣೀರು ಬೇಡ.

ಎಲ್ಲಕ್ಕಿಂತ ಹೊರಗೆ ಇಟ್ಟಿಗೆ ಅಥವಾ ಮರದ ಹಲಗೆಯ ಹೊದಿಕೆ. ಮಳೆಯ ಹೊಡೆತವನ್ನು ತಡೆಯುವುದು ಇದರ ಕೆಲಸ. ಅದರ ಹಿಂದೆ ಸುಮಾರು 50 ಮಿ.ಮೀ. ಖಾಲಿ ಜಾಗ. ಹೊದಿಕೆಯನ್ನು ದಾಟಿ ಬಂದ ಅಲ್ಪಸ್ವಲ್ಪ ನೀರು ಇಲ್ಲಿ ಕೆಳಗಿಳಿದು ಹೋಗುತ್ತದೆ, ಗಾಳಿಯಾಡಿ ಒಣಗುತ್ತದೆ. ಆಮೇಲೆ ಬ್ರೀದರ್ ಮೆಂಬ್ರೇನ್ ಎಂಬ ತೆಳು ಹಾಳೆ. ಹೊರಗಿನ ನೀರಿನ ಹನಿಗೆ ಇದು ದಾರಿ ಕೊಡುವುದಿಲ್ಲ, ಒಳಗಿನ ಆವಿಯನ್ನು ಮಾತ್ರ ಹೊರಗೆ ಬಿಡುತ್ತದೆ. ಒಳ್ಳೆಯ ರೇನ್‌ಕೋಟಿನ ಹಾಗೆ. ಅದರ ಹಿಂದೆ ಮರದ ಚಕ್ಕೆಗಳನ್ನು ಒತ್ತಿ ಮಾಡಿದ ಓಎಸ್‌ಬಿ ಹಲಗೆ. ಚೌಕಟ್ಟು ವಾಲದಂತೆ ಬಿಗಿಯಾಗಿ ಹಿಡಿಯುವುದು ಅದು.

ಆಮೇಲೆ ಬರುವುದೇ ಗೋಡೆಯ ಎಲುಬುಗೂಡು. 140 ಮಿ.ಮೀ. ಆಳದ ಮರದ ಕಂಬಗಳು. ಇವಕ್ಕೆ ಇಲ್ಲಿ ಸ್ಟಡ್ ಎನ್ನುತ್ತಾರೆ. ಸಾಮಾನ್ಯವಾಗಿ 600 ಅಥವಾ 400 ಮಿ.ಮೀ.ಗೆ ಒಂದರಂತೆ ನಿಲ್ಲಿಸುತ್ತಾರೆ. ಈ ಲೆಕ್ಕಕ್ಕೆ ಕಾರಣವಿದೆ. ಒಳಗೆ ಬಡಿಯುವ ಪ್ಲಾಸ್ಟರ್‌ಬೋರ್ಡ್ 1200 ಮಿ.ಮೀ. ಅಗಲ. 600ರ ಎರಡರಷ್ಟು, 400ರ ಮೂರರಷ್ಟು. ಹಾಗಾಗಿ ಬೋರ್ಡಿನ ಅಂಚು ಯಾವಾಗಲೂ ಒಂದು ಕಂಬದ ಮೇಲೆಯೇ ಬಂದು ಕೂರುತ್ತದೆ. ಮಗ್ಗಿ ಎಲ್ಲೆಲ್ಲಿ ಕೆಲಸಕ್ಕೆ ಬರುತ್ತದೆ ನೋಡಿ ಮಕ್ಕಳೇ!

ಈ ಕಂಬಗಳ ಬುಡದ ಅಡ್ಡಪಟ್ಟಿ ನೇರವಾಗಿ ಕಾಂಕ್ರೀಟಿನ ಮೇಲೆ ಕೂರುವುದಿಲ್ಲ. ನೆಲದ ತೇವ ಮೇಲೇರದಂತೆ ಮಧ್ಯೆ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಹಾಸುತ್ತಾರೆ. ಇದನ್ನು ನೋಡಿದಾಗ ನನಗೆ ಊರಿನ ಮನೆಯ ಜಗುಲಿ ನೆನಪಾಯಿತು. ಅಲ್ಲಿಯೂ ಮರದ ಕಂಬಗಳು ನೆಲ ಮುಟ್ಟುವುದಿಲ್ಲ, ಕಲ್ಲಿನ ಮೇಲೆ ನಿಲ್ಲುತ್ತವೆ. ಮರಕ್ಕೆ ತೇವ ತಾಗಬಾರದೆಂಬ ತಿಳಿವಳಿಕೆ ಮಲೆನಾಡಿನಲ್ಲೂ ಒಂದೇ, ಇಲ್ಲೂ ಒಂದೇ.

ಕಂಬಗಳ ನಡುವೆ ಖನಿಜ ಉಣ್ಣೆ, ಅಂದರೆ ಮಿನರಲ್ ವೂಲ್. ಕಂಬಗಳ ಮೇಲೆ ಅಡ್ಡಲಾಗಿ 50 ಮಿ.ಮೀ. ದಪ್ಪದ ಗಟ್ಟಿ ಫೋಮ್ ಹಲಗೆ. ಇದಕ್ಕೆ ಪಿಐಆರ್ ಎಂದು ಹೆಸರು, ಎರಡೂ ಬದಿಗೆ ಬೆಳ್ಳಿಯಂತೆ ಹೊಳೆಯುವ ಫಾಯಿಲ್. ಅದರ ಮೇಲೆ 25 ಮಿ.ಮೀ. ಮರದ ರೀಪುಗಳು. ಆ ಸಂದಿನಲ್ಲಿ ವಿದ್ಯುತ್ ತಂತಿಗಳು ಓಡುತ್ತವೆ. ಕೊನೆಗೆ ಪ್ಲಾಸ್ಟರ್‌ಬೋರ್ಡ್ ಮತ್ತು ಅದರ ಮೇಲೆ ತೆಳ್ಳಗೆ ಬಳಿಯುವ ಪ್ಲಾಸ್ಟರ್. ನಮ್ಮ ಕಣ್ಣಿಗೆ ಬೀಳುವುದು ಈ ಕೊನೆಯದು ಮಾತ್ರ.

ಬೆಚ್ಚಗಿಡುವುದು ಗಾಳಿಯೇ

ಕಂಬಳಿ ಹೊದ್ದರೆ ಬೆಚ್ಚಗಾಗುತ್ತದೆ. ಆದರೆ ಕಂಬಳಿಯಲ್ಲಿ ಬೆಂಕಿಯಿಲ್ಲ. ಉಣ್ಣೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಅಲ್ಲಾಡದೆ ನಿಂತಿರುತ್ತದೆ. ನಿಂತ ಗಾಳಿ ಶಾಖವನ್ನು ಬಹಳ ನಿಧಾನವಾಗಿ ಸಾಗಿಸುತ್ತದೆ. ಗೋಡೆಯ ಉಣ್ಣೆಯೂ ಹೀಗೆಯೇ. ಗಾಜನ್ನೋ ಕಲ್ಲನ್ನೋ ಕರಗಿಸಿ, ನಮ್ಮ ಜಾತ್ರೆಯ ಬೊಂಬಾಯಿ ಮಿಠಾಯಿಯಂತೆ ಸಣ್ಣ ಎಳೆಗಳಾಗಿ ತೆಗೆದು ಇದನ್ನು ಮಾಡುತ್ತಾರೆ. ಕೆಲಸ ಮಾಡುವುದು ಎಳೆಯಲ್ಲ, ನಡುವಿನ ಗಾಳಿ. ಆದ್ದರಿಂದ ಉಣ್ಣೆಯನ್ನು ಒತ್ತಿ ತುರುಕಿದರೆ ಲಾಭವಿಲ್ಲ, ನಷ್ಟವೇ.

ಸ್ವಲ್ಪ ಲೆಕ್ಕ ಮಾಡೋಣ. ಒಂದು ಪದರ ಶಾಖವನ್ನು ಎಷ್ಟು ತಡೆಯುತ್ತದೆ ಎಂದು ತಿಳಿಯಲು ಅದರ ದಪ್ಪವನ್ನು (ಮೀಟರಿನಲ್ಲಿ) ಆ ವಸ್ತುವಿನ ಉಷ್ಣವಾಹಕತೆಯಿಂದ ಭಾಗಿಸಬೇಕು. ನಮ್ಮ ಉಣ್ಣೆಗೆ 0.140 ಭಾಗಿಸು 0.035, ಅಂದರೆ 4. ಫೋಮಿಗೆ 0.050 ಭಾಗಿಸು 0.022, ಸುಮಾರು 2.3. ಅದೇ 140 ಮಿ.ಮೀ. ಮರಕ್ಕೆ 0.140 ಭಾಗಿಸು 0.13, ಬರೀ 1.1. ಅಂದರೆ ಕಂಬ ಇರುವಲ್ಲೆಲ್ಲ ಶಾಖ ಹೊರಗೆ ಓಡಲು ಒಂದು ಸೇತುವೆ ಸಿಕ್ಕಂತಾಯಿತು. ಫೋಮ್ ಹಲಗೆಯನ್ನು ಕಂಬಗಳ ನಡುವೆ ಇಡದೆ ಅವುಗಳ ಮೇಲೆ ಅಡ್ಡಲಾಗಿ ಬಡಿಯುವುದು ಈ ಸೇತುವೆಯನ್ನು ಮುಚ್ಚಲಿಕ್ಕೆ.

ಎಲ್ಲ ಪದರಗಳ ತಡೆಯನ್ನೂ ಕೂಡಿಸಿ, 1ನ್ನು ಆ ಮೊತ್ತದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಯು-ಮೌಲ್ಯ ಎನ್ನುತ್ತಾರೆ. ಇದು ಚಿಕ್ಕದಿದ್ದಷ್ಟೂ ಒಳ್ಳೆಯದು. 2022ರ ಜೂನ್‌ನಿಂದ ಇಂಗ್ಲೆಂಡಿನಲ್ಲಿ ಎಕ್ಸ್‌ಟೆನ್ಶನ್‌ನ ಹೊಸ ಗೋಡೆಗೆ ಇದು 0.18 ಮೀರಬಾರದು. ಮೇಲೆ ಹೇಳಿದ ಗೋಡೆ ಹೆಚ್ಚುಕಡಿಮೆ ಅಲ್ಲಿಗೇ ಬಂದು ನಿಲ್ಲುತ್ತದೆ. ಒಂಬತ್ತು ಇಂಚಿನ ಹಳೆಯ ಇಟ್ಟಿಗೆ ಗೋಡೆಯದು 2ರ ಆಸುಪಾಸು. ಒಳಗೆ 20 ಡಿಗ್ರಿ, ಹೊರಗೆ 0 ಡಿಗ್ರಿ, ಗೋಡೆ 10 ಚದರ ಮೀಟರ್ ಎಂದುಕೊಳ್ಳಿ. ಹಳೆಯ ಗೋಡೆಯಿಂದ ಸೋರಿಹೋಗುವ ಶಾಖ 10 × 20 × 2 = 400 ವ್ಯಾಟ್. ಹೊಸದರಿಂದ 10 × 20 × 0.18 = 36 ವ್ಯಾಟ್. ಅಜ್ಜನ ಮನೆಯ ಮೊಳ ದಪ್ಪದ ಗೋಡೆಯ ಮೇಲೆ ನನಗಿದ್ದ ಅಭಿಮಾನ ಈ ಲೆಕ್ಕದ ಮುಂದೆ ಸ್ವಲ್ಪ ಸಡಿಲವಾಯಿತು!

ನಿಜವಾದ ಶತ್ರು ಒಳಗಿನ ಹಬೆ

ಬೆಚ್ಚಗಿನ ಗಾಳಿ ಹೆಚ್ಚು ಆವಿಯನ್ನು ಹಿಡಿದುಕೊಳ್ಳಬಲ್ಲದು. 20 ಡಿಗ್ರಿಯ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 17 ಗ್ರಾಂ ಆವಿ ಇರಬಹುದು. 0 ಡಿಗ್ರಿಗೆ ಇಳಿದರೆ 5 ಗ್ರಾಂ ಮಾತ್ರ. ಮಿಕ್ಕದ್ದು ನೀರಾಗಿ ಇಳಿಯಲೇಬೇಕು. ತಣ್ಣನೆಯ ಮಜ್ಜಿಗೆಯ ಲೋಟದ ಹೊರಮೈ ಬೆವರುವುದು ಇದರಿಂದಲೇ. 20 ಡಿಗ್ರಿಯ ಕೋಣೆಯಲ್ಲಿ ತೇವಾಂಶ ಶೇಕಡಾ 60 ಇದ್ದರೆ, 12 ಡಿಗ್ರಿಗಿಂತ ತಣ್ಣಗಿರುವ ಯಾವ ಮೈಮೇಲಾದರೂ ಹನಿ ಕಟ್ಟಲು ಶುರುವಾಗುತ್ತದೆ.

ಈಗ ಚಳಿಗಾಲದ ರಾತ್ರಿಯನ್ನು ನೆನೆಸಿಕೊಳ್ಳಿ. ಗೋಡೆಯೊಳಗಿನ ಉಣ್ಣೆ ಶಾಖವನ್ನು ತಡೆದು ನಿಲ್ಲಿಸಿದೆ. ಹಾಗಾಗಿ ಅದರ ಆಚೆಗಿನ ಓಎಸ್‌ಬಿ ಹಲಗೆ ಹೊರಗಿನಷ್ಟೇ ತಣ್ಣಗಾಗಿದೆ. ಅಡುಗೆಮನೆಯ ಹಬೆ ತುಂಬಿದ ಗಾಳಿ ಯಾವುದೋ ಸಂದಿನಿಂದ ಒಳಗೆ ನುಸುಳಿ ಆ ಹಲಗೆಯನ್ನು ತಲುಪಿದರೆ ಅಲ್ಲೇ ನೀರಾಗುತ್ತದೆ. ಬೋರ್ಡಿನ ಹಿಂದೆ ನಡೆಯುವ ಈ ಕೆಲಸ ಯಾರಿಗೂ ಕಾಣುವುದಿಲ್ಲ. ಮರದಲ್ಲಿ ತೇವ ಶೇಕಡಾ 20ನ್ನು ಮೀರಿ ಹಾಗೇ ಉಳಿದರೆ ಕೊಳೆಸುವ ಶಿಲೀಂಧ್ರಕ್ಕೆ ಹಬ್ಬ. ಉಣ್ಣೆ ನೆನೆದರೆ ಗಾಳಿಯಿದ್ದ ಜಾಗದಲ್ಲಿ ನೀರು ನಿಲ್ಲುತ್ತದೆ, ಬೆಚ್ಚಗಿಡುವ ಗುಣವೂ ಹೋಗುತ್ತದೆ. ಕೋಣೆಗೆ ಬೂಷ್ಟು ಹಬ್ಬಿದರೆ ಆಸ್ತಮಾ ಇರುವವರಿಗೆ ತೊಂದರೆ ಹೆಚ್ಚು.

ಇದಕ್ಕೆ ಮದ್ದು ಒಂದೇ. ಹಬೆ ತುಂಬಿದ ಗಾಳಿಯನ್ನು ಗೋಡೆಯ ಬೆಚ್ಚಗಿನ ಬದಿಯಲ್ಲೇ ತಡೆಯುವುದು. ಕೆಲವರು ಇದಕ್ಕೆ ಪಾಲಿಥೀನ್ ಹಾಳೆ ಹಾಕುತ್ತಾರೆ. ನಮ್ಮ ಗೋಡೆಯಲ್ಲಿ ಫೋಮ್ ಹಲಗೆಯ ಫಾಯಿಲ್ಲೇ ಆ ಕೆಲಸ ಮಾಡುತ್ತದೆ, ಆದರೆ ಹಲಗೆಗಳು ಕೂಡುವ ಪ್ರತಿ ಸಂದಿಗೂ ಫಾಯಿಲ್ ಟೇಪ್ ಅಂಟಿಸಿದರೆ ಮಾತ್ರ. ತೂತಿನ ಮೂಲಕ ಗಾಳಿಯ ಜೊತೆ ಸಾಗುವ ಆವಿ, ಬೋರ್ಡಿನ ಮೈಯಿಂದ ಒಸರಿ ಹೋಗುವ ಆವಿಗಿಂತ ಎಷ್ಟೋ ಪಟ್ಟು ಹೆಚ್ಚು. ಒಂದು ಬೆರಳಗಲದ ಸಂದೂ ಲೆಕ್ಕಕ್ಕೆ ಬರುತ್ತದೆ.

ಇಲ್ಲೊಂದು ಎಚ್ಚರಿಕೆಯ ಮಾತು. ಈ ನಿಯಮ ಇಲ್ಲಿನಂಥ ಚಳಿ ದೇಶಕ್ಕೆ. ಸಿಂಗಪುರದಂಥ ಕಡೆ ಹೊರಗೆ ಸೆಕೆ, ಒಳಗೆ ಎ.ಸಿ.ಯ ತಂಪು. ಅಲ್ಲಿ ಆವಿ ಹೊರಗಿನಿಂದ ಒಳಕ್ಕೆ ಹೊರಡುತ್ತದೆ. ಆದ್ದರಿಂದ ಇಲ್ಲಿ ಕಲಿತದ್ದನ್ನು ಎಲ್ಲ ಊರಿಗೂ ಹಾಗೇ ಒಯ್ಯಬಾರದು.

ಆ ಶುಕ್ರವಾರ ಸಂಜೆ

ಕೆಲಸ ಚುರುಕಾಗಿ ನಡೆಯಿತು. ಒಂದು ಶುಕ್ರವಾರ ಸಂಜೆ ಎಲ್ಲರೂ ಹೋದ ಮೇಲೆ ನಾನೂ ಮಗಳೂ ಟಾರ್ಚ್ ಹಿಡಿದು ಒಳಗೆ ಹೋದೆವು. ಎರಡು ಗೋಡೆಗೆ ಫೋಮ್ ಹಲಗೆ ಬಡಿದಾಗಿತ್ತು, ಮೂರನೆಯದರಲ್ಲಿ ಉಣ್ಣೆ ಕಾಣುತ್ತಿತ್ತು. "ಅಪ್ಪಾ, ಇಲ್ಲಿ ಕೈ ತೂರುತ್ತೆ" ಎಂದಳು. ಮೂಲೆಯ ಎರಡು ಕಂಬಗಳ ನಡುವಿನ ಕಿರಿದಾದ ಸಂದಿಗೆ ಉಣ್ಣೆಯನ್ನೇ ತುಂಬಿರಲಿಲ್ಲ. ಸಿಂಕಿನ ಪೈಪು ಹೊರಗೆ ಹೋಗುವಲ್ಲಿ ಸುತ್ತಲೂ ಖಾಲಿ. ಫೋಮ್ ಹಲಗೆಗಳ ಸಂದಿಗೆ ಒಂದೇ ಒಂದು ತುಂಡು ಟೇಪೂ ಇಲ್ಲ.

ಬಿಲ್ಡರಿಗೆ ಫೋನ್ ಮಾಡಿದೆ. "ಸೋಮವಾರ ಬೋರ್ಡಿನವರು ಬರುತ್ತಾರೆ. ಅವರನ್ನು ತಪ್ಪಿಸಿದರೆ ಮತ್ತೆ ಎರಡು ವಾರ. ಇಷ್ಟು ಸಣ್ಣ ಸಂದಿನಿಂದ ಏನಾಗುತ್ತದೆ?" ಎಂದರು. ಜಗಳಕ್ಕೆ ನನಗೂ ಮನಸ್ಸಿರಲಿಲ್ಲ. ಅವರು ಕೆಟ್ಟ ಕೆಲಸಗಾರರೇನಲ್ಲ, ಕೆಲಸದ ಒತ್ತಡ ಅಷ್ಟೆ. ಆದರೆ ರಸ್ಕಿನಂತೆ ಪುಡಿಯಾದ ಆ ಮರ ಕಣ್ಣ ಮುಂದೆ ಬಂತು. ಇದೇ ಗೋಡೆಗೆ ತಲೆ ಮಾಡಿ ಅಮ್ಮ ಮಲಗುವವರು. "ಬೋರ್ಡ್ ಸೋಮವಾರವೇ ಬರಲಿ. ಅಷ್ಟರೊಳಗೆ ಟೇಪನ್ನು ನಾವು ಹಾಕುತ್ತೇವೆ. ಮೂರನೇ ಗೋಡೆಯ ಉಣ್ಣೆ ಮಾತ್ರ ಸರಿಮಾಡಿಕೊಡಿ, ನಾನು ನೋಡಿದ ಮೇಲೆ ಮುಚ್ಚಿ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಗಲಿ ಎಂದರು.

ಶನಿವಾರ ಕನ್ನಡ ತರಗತಿ ಮುಗಿಸಿಕೊಂಡು ಬಂದವರೇ ನಾವು ಮನೆಮಂದಿಯೆಲ್ಲ ಕೆಲಸಕ್ಕೆ ನಿಂತೆವು. ಮೊದಲು ಫಾಯಿಲ್ ಮೇಲಿನ ಧೂಳನ್ನು ಒಣಬಟ್ಟೆಯಿಂದ ಒರೆಸಬೇಕು, ಇಲ್ಲದಿದ್ದರೆ ಟೇಪ್ ಕೆಲವೇ ದಿನಗಳಲ್ಲಿ ಬಿಟ್ಟುಕೊಳ್ಳುತ್ತದೆ. ಆಮೇಲೆ ಅಂಗೈಯಿಂದ ಒತ್ತಿ ಉಜ್ಜುತ್ತಾ ಅಂಟಿಸಬೇಕು. ಹಲಗೆ ನೆಲವನ್ನು ಕೂಡುವಲ್ಲಿ, ಸೂರನ್ನು ಕೂಡುವಲ್ಲಿ, ಕಿಟಕಿಯ ಸುತ್ತ, ಪೈಪಿನ ಸುತ್ತ, ಒಂದನ್ನೂ ಬಿಡಲಿಲ್ಲ. ಸಂದು ಹುಡುಕುವ ಕೆಲಸ ಮಗಳದ್ದು. ಅವಳ ಕಣ್ಣಿಗೆ ಬಿದ್ದಷ್ಟು ನನ್ನ ಕಣ್ಣಿಗೆ ಬೀಳಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ಸೋಮವಾರ ಬೆಳಿಗ್ಗೆ ಬಡಗಿಯೊಬ್ಬರು ಉಣ್ಣೆಯನ್ನು ಸರಿಮಾಡುವಾಗ ನಮಗೂ ತೋರಿಸಿಕೊಟ್ಟರು. ಸಂದಿಗಿಂತ ಸುಮಾರು ಒಂದು ಸೆಂಟಿಮೀಟರ್ ಅಗಲವಾಗಿ ಕತ್ತರಿಸಬೇಕು. ಆಗ ಅದು ತಾನಾಗಿ ಬಿಗಿಯಾಗಿ ನಿಲ್ಲುತ್ತದೆ, ಕುಸಿಯುವುದಿಲ್ಲ. ಉದ್ದ ಹಲ್ಲಿನ ಬ್ರೆಡ್ ಚಾಕುವಿನಂಥದ್ದು ಇದಕ್ಕೆ ಒಳ್ಳೆಯದು. ಕೈಗವಸು, ಮಾಸ್ಕ್, ತುಂಬುತೋಳಿನ ಅಂಗಿ ಬೇಕೇ ಬೇಕು. ಇಲ್ಲವಾದರೆ ಮೈಯೆಲ್ಲ ತುರಿಕೆ. ಎರಡು ಮುಳ್ಳಿನ ಸಣ್ಣ ಮೀಟರನ್ನು ಮರಕ್ಕೆ ಚುಚ್ಚಿ ತೇವವನ್ನೂ ಅಳೆದರು. ಶೇಕಡಾ 16. 20ಕ್ಕಿಂತ ಕಡಿಮೆ ಇದ್ದರೆ ಮುಚ್ಚಬಹುದು. ಹಸಿ ಮರವನ್ನು ಮುಚ್ಚಿದರೆ ನಾವೇ ಕೊಳೆಯನ್ನು ಒಳಗಿಟ್ಟು ಬೀಗ ಹಾಕಿದಂತೆ.

ಕೊನೆಯ ಹೊದಿಕೆ

ಪ್ಲಾಸ್ಟರ್‌ಬೋರ್ಡ್ ಎಂದರೆ ಎರಡು ಕಾಗದದ ನಡುವೆ ಜಿಪ್ಸಮ್. ನಾವು ಬಳಸಿದ್ದು 12.5 ಮಿ.ಮೀ. ದಪ್ಪದ್ದು. ಜಿಪ್ಸಮ್ಮಿನ ತೂಕದಲ್ಲಿ ಐದನೇ ಒಂದು ಪಾಲು ನೀರು, ಹರಳಿನೊಳಗೇ ಕಟ್ಟಿಹಾಕಿರುವ ನೀರು. ಬೆಂಕಿ ಬಿದ್ದರೆ ಮೊದಲು ಈ ನೀರು ಆವಿಯಾಗಬೇಕು. ಅಲ್ಲಿಯವರೆಗೆ ಹಿಂದಿನ ಮರಕ್ಕೂ ಫೋಮಿಗೂ ರಕ್ಷಣೆ, ನಮಗೆ ಹೊರಗೆ ಓಡಲು ಸಮಯ. ಆದ್ದರಿಂದ ಇದು ಬರೀ ಅಂದಕ್ಕಲ್ಲ.

ಬೋರ್ಡನ್ನು ನೆಲದಿಂದ ಸುಮಾರು ಒಂದು ಸೆಂಟಿಮೀಟರ್ ಎತ್ತಿ ಕೂರಿಸುತ್ತಾರೆ, ನೆಲದ ನೀರನ್ನು ಹೀರದಿರಲಿ ಎಂದು. ಸ್ಕ್ರೂ ಸುಮಾರು ಒಂದು ಗೇಣಿಗೊಂದು. ಅದರ ತಲೆ ಕಾಗದದ ಮಟ್ಟಕ್ಕಿಂತ ಕೂದಲೆಳೆಯಷ್ಟು ಒಳಗೆ ಹೋಗಬೇಕು, ಕಾಗದ ಹರಿಯಬಾರದು. ಸಿಂಕಿನ ಹತ್ತಿರ ತೇವ ತಡೆಯುವ ಹಸಿರು ಬಣ್ಣದ ಬೋರ್ಡ್ ಹಾಕಿದರು. ಮುಚ್ಚುವ ಮೊದಲು ನಾನು ಪ್ರತಿ ಗೋಡೆಯ ಫೋಟೋ ತೆಗೆದಿಟ್ಟುಕೊಂಡೆ, ಅಳತೆ ಪಟ್ಟಿಯನ್ನೂ ಜೊತೆಗಿಟ್ಟು. ಮುಂದೆ ಗೋಡೆಗೆ ದೇವರ ಪಟ ತೂಗುಹಾಕಲು ಮೊಳೆ ಹೊಡೆಯುವಾಗ ತಂತಿ ಎಲ್ಲಿದೆ, ಮರ ಎಲ್ಲಿದೆ ಎಂದು ಇವು ಹೇಳುತ್ತವೆ.

ಕೌನ್ಸಿಲ್ಲಿನ ಬಿಲ್ಡಿಂಗ್ ಕಂಟ್ರೋಲ್ ಅಧಿಕಾರಿಯೂ ಬಂದು ನೋಡುತ್ತಾರೆ. ಆದರೆ ಅವರು ಬರುವುದು ಕೆಲವೇ ಹಂತಗಳಲ್ಲಿ, ಸ್ವಲ್ಪ ಹೊತ್ತಿಗೆ. ಕೊನೆಯಲ್ಲಿ ಅವರು ಕೊಡುವ ಪ್ರಮಾಣಪತ್ರವನ್ನು ಜೋಪಾನವಾಗಿಡಿ, ಮನೆ ಮಾರುವಾಗ ಕೇಳುತ್ತಾರೆ. ಪ್ರತಿ ಸಂದನ್ನೂ ನೋಡುವುದು ಮಾತ್ರ ಮನೆಯವರದೇ ಜವಾಬ್ದಾರಿ ಎಂದು ತಿಳಿಯಿರಿ.

ಇನ್ನೊಂದು ಮಾತು. ಗೋಡೆ ಬಿಗಿಯಾದಷ್ಟೂ ಹಬೆಯನ್ನು ಹೊರಹಾಕುವ ಫ್ಯಾನ್ ಮುಖ್ಯ. ಒಗ್ಗರಣೆ, ಇಡ್ಲಿ, ಕುಕ್ಕರ್ ಇರುವ ನಮ್ಮಂಥ ಮನೆಗಳಲ್ಲಂತೂ ಇನ್ನೂ ಮುಖ್ಯ. ಒಲೆಯ ಮೇಲಿನ ಹುಡ್ ಹೊರಗೆ ಪೈಪು ಹೊಂದಿದ್ದು, ಸೆಕೆಂಡಿಗೆ 30 ಲೀಟರ್ ಗಾಳಿಯನ್ನಾದರೂ ಎಳೆಯುವಂತಿರಬೇಕು. ಇದ್ದಿಲಿನ ಫಿಲ್ಟರಿನಲ್ಲಿ ಸೋಸಿ ಗಾಳಿಯನ್ನು ಮತ್ತೆ ಕೋಣೆಗೇ ಬಿಡುವ ಹುಡ್ ವಾಸನೆಯನ್ನು ಕಡಿಮೆ ಮಾಡಬಹುದು, ಹಬೆಯನ್ನಲ್ಲ.

ಮಕ್ಕಳಿಗೆ ಎರಡು ಪ್ರಯೋಗ

1. ಸ್ಟೀಲ್ ಲೋಟಕ್ಕೆ ಐಸ್ ಮತ್ತು ನೀರು ಹಾಕಿ ಅಮ್ಮನೋ ಅಪ್ಪನೋ ಅಡುಗೆ ಮಾಡುವಾಗ ಅಡುಗೆಮನೆಯಲ್ಲಿಡಿ. ಅಂಥದ್ದೇ ಇನ್ನೊಂದನ್ನು ಮಲಗುವ ಕೋಣೆಯಲ್ಲಿಡಿ. ಯಾವುದು ಮೊದಲು ಬೆವರುತ್ತದೆ? ಏಕೆ?

2. ಒಂದೇ ಅಳತೆಯ ಎರಡು ಗಾಜಿನ ಬಾಟಲಿಗಳಿಗೆ ಉಗುರುಬೆಚ್ಚಗಿಂತ ಸ್ವಲ್ಪ ಹೆಚ್ಚು ಬಿಸಿಯಾದ ನೀರು ತುಂಬಿ (ದೊಡ್ಡವರ ಸಹಾಯ ಪಡೆಯಿರಿ). ಒಂದಕ್ಕೆ ಒಣ ಉಣ್ಣೆ ಕಾಲುಚೀಲ, ಇನ್ನೊಂದಕ್ಕೆ ಒದ್ದೆ ಉಣ್ಣೆ ಕಾಲುಚೀಲ ತೊಡಿಸಿ. 20 ನಿಮಿಷದ ನಂತರ ಎರಡರ ಉಷ್ಣತೆಯನ್ನೂ ಅಳೆಯಿರಿ. ಗೋಡೆಯ ಉಣ್ಣೆ ಏಕೆ ಒದ್ದೆಯಾಗಬಾರದು ಎಂದು ನಿಮಗೇ ತಿಳಿಯುತ್ತದೆ.

ಪೋಷಕರಿಗೆ: ಮುಚ್ಚುವ ಮುನ್ನ ಕೇಳಬೇಕಾದದ್ದು

1. ಮರದ ತೇವ ಶೇಕಡಾ 20ಕ್ಕಿಂತ ಕಡಿಮೆ ಇದೆಯೇ?
2. ಮೂಲೆ, ಕಿಟಕಿ, ಪೈಪಿನ ಸುತ್ತ ಉಣ್ಣೆ ತುಂಬಿದೆಯೇ? ಎಲ್ಲಾದರೂ ಒತ್ತಿ ತುರುಕಿದ್ದಾರೆಯೇ?
3. ಆವಿ ತಡೆಯುವ ಪದರ ಬೆಚ್ಚಗಿನ ಬದಿಗೇ ಇದೆಯೇ? ಎಲ್ಲ ಸಂದಿಗೂ ಟೇಪ್ ಇದೆಯೇ?
4. ತಂತಿಗಳು ಸ್ವಿಚ್ಚು, ಸಾಕೆಟ್ಟುಗಳಿಂದ ನೇರ ಮೇಲೆ-ಕೆಳಗೆ ಅಥವಾ ಅಡ್ಡಲಾಗಿ ಹೋಗಿವೆಯೇ? ಓರೆಯಾಗಿ ಹೋಗಬಾರದು.
5. ಅಧಿಕಾರಿ ಬಂದು ನೋಡಿದ್ದಾರೆಯೇ? ಫೋಟೋ ತೆಗೆದಾಯಿತೇ?

ಕಳೆದ ಚಳಿಗಾಲದಲ್ಲಿ ಅಮ್ಮ ಬಂದು ಮೂರು ತಿಂಗಳು ಆ ಕೋಣೆಯಲ್ಲಿದ್ದರು. ಮೊದಲ ದಿನವೇ ಗೋಡೆಗೆ ಅಂಗೈ ಒತ್ತಿ ನೋಡಿ, "ತಣ್ಣಗೇ ಇಲ್ವಲ್ಲೋ! ಒಳಗೆ ಏನು ಹಾಕಿದೀರಿ?" ಎಂದರು. ಮೊಮ್ಮಗಳು ಅಜ್ಜಿಯ ಪಕ್ಕದಲ್ಲಿ ಕೂತು, ಹೊರಗಿನಿಂದ ಒಳಗಿನವರೆಗೆ ಒಂದೊಂದೇ ಪದರದ ಹೆಸರು ಹೇಳಿದಳು. ಟೇಪಿನ ವಿಷಯ ಬಂದಾಗ ಮಾತ್ರ "ಅದು ನಾನೇ ಹಾಕಿದ್ದು ಅಜ್ಜೀ" ಎಂದು ಎರಡು ಸಲ ಹೇಳಿದಳು.